ಪುಟ್ಟ ಮಕ್ಕಳ ಶ್ವಾಸಕೋಶದ ಸೋಂಕು: ವೈರಸ್ಸಿನ ಹೆಸರು ಮತ್ತು ಮಗುವಿನ ಉಸಿರು

2025ರ ಜನವರಿ 6, ಸೋಮವಾರ, ಬೆಂಗಳೂರಿನ ಎರಡು ಕೂಸುಗಳ ಕಾಯಿಲೆ ಇಡೀ ದೇಶದ ಸುದ್ದಿಯಾಯಿತು. ಮೂರು ತಿಂಗಳ ಒಂದು ಹೆಣ್ಣುಮಗು ಮತ್ತು ಎಂಟು ತಿಂಗಳ ಒಂದು ಗಂಡುಮಗುವಿನಲ್ಲಿ ಎಚ್‌ಎಂಪಿವಿ (ಹ್ಯೂಮನ್ ಮೆಟಾನ್ಯುಮೋವೈರಸ್) ಎಂಬ ವೈರಸ್ ಇರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತನ್ನ ಎಂದಿನ ಕಣ್ಗಾವಲಿನ ಭಾಗವಾಗಿ ಗುರುತಿಸಿತ್ತು. ಇಬ್ಬರೂ ವಿದೇಶಕ್ಕೆ ಹೋಗಿ ಬಂದವರಲ್ಲ. ಸುದ್ದಿ ಹೊರಬೀಳುವ ಹೊತ್ತಿಗೆ ಒಂದು ಮಗು ಆಸ್ಪತ್ರೆಯಿಂದ ಮನೆ ಸೇರಿತ್ತು, ಇನ್ನೊಂದು ಚೇತರಿಸಿಕೊಳ್ಳುತ್ತಿತ್ತು. ಆದರೂ ಅಂದು ಮುಂಬೈ ಷೇರುಪೇಟೆಯ ಸೂಚ್ಯಂಕ 1,258 ಅಂಶ ಕುಸಿದಾಗ, ಅದಕ್ಕೆ ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಈ ಎರಡು ಕೂಸುಗಳ ಕೆಮ್ಮೂ ಸೇರಿಕೊಂಡಿತು.

ಹೊಸತೆಂದು ಬಿಂಬಿತವಾದ ಈ ವೈರಸ್ಸನ್ನು ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲಿ. ಅವರು ಶೇಖರಿಸಿಟ್ಟಿದ್ದ ಹಳೆಯ ರಕ್ತದ ಮಾದರಿಗಳನ್ನು ತೆಗೆದು ನೋಡಿದಾಗ 1958ರ ಮಾದರಿಗಳಲ್ಲೂ ಅದರ ವಿರುದ್ಧದ ಪ್ರತಿಕಾಯಗಳು ಸಿಕ್ಕವು. ಐದು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಅದು ಒಮ್ಮೆಯಾದರೂ ತಗುಲಿರುತ್ತದೆ. ನಮ್ಮ ಅಜ್ಜಿಯಂದಿರು ‘ಮಗುವಿಗೆ ಶೀತ ಆಗಿದೆ’ ಎಂದು ಹೇಳಿದ ಎಷ್ಟೋ ಸಲ ಅದು ಇದೇ ವೈರಸ್ಸಿನ ಕೆಲಸವಾಗಿರಬಹುದು, ಹೆಸರು ಮಾತ್ರ ಗೊತ್ತಿರಲಿಲ್ಲ.

ಆ ವಾರ ಮಕ್ಕಳ ವೈದ್ಯರ ಬಾಗಿಲಲ್ಲಿ ಕೇಳಿಬಂದ ಪ್ರಶ್ನೆ ಒಂದೇ: ‘ನಮ್ಮ ಪಾಪುಗೂ ಅದೇ ಇದೆಯಾ, ಟೆಸ್ಟ್ ಮಾಡಿಸಬೇಕಾ?’ ಪ್ರಶ್ನೆ ಸಹಜವಾದದ್ದೇ. ಆದರೆ ಅದರ ಉತ್ತರ ತಿಳಿದರೂ ಬಹುತೇಕ ಮಕ್ಕಳ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ. ಇನ್‌ಫ್ಲುಯೆಂಜಾಕ್ಕೆ ಮಾತ್ರ ನಿರ್ದಿಷ್ಟ ಔಷಧವಿದೆ, ಅದೂ ಬೇಗ ಕೊಟ್ಟರೆ ಹೆಚ್ಚು ಪ್ರಯೋಜನ. ಎಚ್‌ಎಂಪಿವಿ, ಆರ್‌ಎಸ್‌ವಿ, ರೈನೋವೈರಸ್, ಪ್ಯಾರಾಇನ್‌ಫ್ಲುಯೆಂಜಾ, ಅಡಿನೋವೈರಸ್ ಇವುಗಳಲ್ಲಿ ಯಾವುದೇ ಇರಲಿ, ಮಗುವಿಗೆ ಬೇಕಾದದ್ದು ಅದೇ ಆರೈಕೆ, ತಂದೆತಾಯಿ ಗಮನಿಸಬೇಕಾದದ್ದೂ ಅದೇ ಲಕ್ಷಣಗಳು. ಎರಡು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿಯಾಗುವುದು ಸಾಮಾನ್ಯ; ಮನೆಯಲ್ಲಿ ಅಂಗನವಾಡಿಗೋ ಶಾಲೆಗೋ ಹೋಗುವ ಅಕ್ಕನೋ ಅಣ್ಣನೋ ಇದ್ದರೆ ಇನ್ನೂ ಹೆಚ್ಚು. ಪ್ರತಿ ಸಲವೂ ವೈರಸ್ಸಿನ ಹೆಸರು ಹುಡುಕುತ್ತ ಹೊರಟರೆ ಹಣ ಮುಗಿದೀತೇ ಹೊರತು ನೆಗಡಿ ಮುಗಿಯುವುದಿಲ್ಲ. ಆದರೆ ಇದೇ ನೆಗಡಿ ನೂರು ಮಕ್ಕಳಲ್ಲಿ ಇಬ್ಬರಿಗೋ ಮೂವರಿಗೋ ಎದೆಗಿಳಿದು ಆಸ್ಪತ್ರೆಯ ಹಾಸಿಗೆಯವರೆಗೆ ಒಯ್ಯುತ್ತದೆ. ಆ ಇಬ್ಬರು ಮೂವರನ್ನು ಸಕಾಲಕ್ಕೆ ಗುರುತಿಸುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ.

ದೊಡ್ಡವರಿಗೆ ಮೂಗು ಸೋರಿ ನಿಂತುಹೋಗುವ ಸೋಂಕು ಹಸುಗೂಸಿಗೆ ಉಸಿರುಗಟ್ಟಿಸುವುದೇಕೆ ಎಂಬುದನ್ನು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಕೊಳವೆಯೊಂದರಲ್ಲಿ ಗಾಳಿ ನೇರವಾಗಿ ಸಾಗುವಾಗ ಎದುರಾಗುವ ತಡೆ ಆ ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಶಿಶುವಿನ ಶ್ವಾಸನಾಳದ ವ್ಯಾಸ 4 ಮಿಲಿಮೀಟರ್ ಎಂದುಕೊಳ್ಳೋಣ. ಒಳಪದರ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊದಿಕೊಂಡರೆ ತ್ರಿಜ್ಯ 2ರಿಂದ 1ಕ್ಕೆ ಇಳಿಯುತ್ತದೆ, ತಡೆ 16 ಪಟ್ಟು ಏರುತ್ತದೆ. 8 ಮಿಲಿಮೀಟರ್ ವ್ಯಾಸದ ದೊಡ್ಡವರ ನಾಳದಲ್ಲಿ ಅಷ್ಟೇ ಊತ ಬಂದರೆ ತಡೆ ಏರುವುದು ಸುಮಾರು ಮೂರು ಪಟ್ಟು ಮಾತ್ರ. ಇದರ ಮೇಲೆ, ಮೊದಲ ಕೆಲವು ತಿಂಗಳು ಕೂಸು ಬಹುಪಾಲು ಮೂಗಿನಿಂದಲೇ ಉಸಿರಾಡುತ್ತದೆ; ಮೂಗು ಕಟ್ಟಿದರೆ ಹಾಲು ಚೀಪುವುದಕ್ಕೂ ಉಸಿರಾಡುವುದಕ್ಕೂ ಪೈಪೋಟಿ ಹುಟ್ಟುತ್ತದೆ. ಪಕ್ಕೆಲುಬುಗಳು ಇನ್ನೂ ಮೆತ್ತಗಿರುವುದರಿಂದ ಜೋರಾಗಿ ಉಸಿರೆಳೆದರೆ ಎದೆಗೂಡೇ ಒಳಕ್ಕೆ ಕುಸಿಯುತ್ತದೆ.

ವೈರಸ್ ಮೂಗಿನಿಂದ ಇಳಿದು ಶ್ವಾಸಕೋಶದ ಅತಿ ಸಣ್ಣ ನಾಳಗಳನ್ನು ತಲುಪಿ, ಅಲ್ಲಿನ ಜೀವಕೋಶಗಳು ಉದುರಿ, ಲೋಳೆಯೊಡನೆ ಬೆರೆತು ನಾಳಗಳನ್ನು ಮುಚ್ಚುವ ಸ್ಥಿತಿಗೆ ಬ್ರಾಂಕಿಯೋಲೈಟಿಸ್ ಎನ್ನುತ್ತಾರೆ. ಎರಡು ವರ್ಷದೊಳಗಿನವರಲ್ಲಿ, ಅದರಲ್ಲೂ ಆರು ತಿಂಗಳೊಳಗಿನವರಲ್ಲಿ ಇದು ಹೆಚ್ಚು. ಇದರ ಮುಖ್ಯ ಕಾರಣ ಆರ್‌ಎಸ್‌ವಿ, ಅಂದರೆ ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್. ಜನವರಿಯ ಆ ಗದ್ದಲದಲ್ಲಿ ಈ ಹೆಸರು ಹೆಚ್ಚು ಕೇಳಿಬರಲಿಲ್ಲ. 2022ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ 2019ರ ಒಂದೇ ವರ್ಷದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 3.3 ಕೋಟಿ ಶ್ವಾಸಕೋಶದ ಸೋಂಕುಗಳಿಗೆ, 36 ಲಕ್ಷ ಆಸ್ಪತ್ರೆ ದಾಖಲಾತಿಗಳಿಗೆ ಮತ್ತು ಸುಮಾರು ಒಂದು ಲಕ್ಷ ಸಾವುಗಳಿಗೆ ಆರ್‌ಎಸ್‌ವಿ ಕಾರಣವಾಗಿತ್ತು. ಸತ್ತವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಆರು ತಿಂಗಳು ತುಂಬದ ಕೂಸುಗಳು, ಮತ್ತು ಶೇಕಡ 95ಕ್ಕೂ ಹೆಚ್ಚು ಸಾವುಗಳು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ವೈರಸ್ ಎಲ್ಲ ಕಡೆಯೂ ಒಂದೇ, ಆಮ್ಲಜನಕದ ಸಿಲಿಂಡರಿಗೆ ಇರುವ ದೂರ ಬೇರೆ ಬೇರೆ.

ಈ ಕಾಯಿಲೆಗೆ ಒಂದು ನಡಿಗೆಯಿದೆ. ಮೊದಲ ಎರಡು ಮೂರು ದಿನ ಬರೀ ಮೂಗು ಸೋರುವುದು, ಸಣ್ಣ ಜ್ವರ. ಮೂರರಿಂದ ಐದನೆಯ ದಿನದೊಳಗೆ ಕೆಮ್ಮು ಬಲಿತು ಉಸಿರಾಟದ ಕಷ್ಟ ಅತಿ ಹೆಚ್ಚಾಗಿರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಕೆಮ್ಮು ಪೂರ್ತಿ ನಿಲ್ಲಲು ಮೂರು ವಾರವೂ ಹಿಡಿಯಬಹುದು. ತಂದೆತಾಯಿಗೆ ಈ ಲೆಕ್ಕ ಮೊದಲೇ ಗೊತ್ತಿದ್ದರೆ ಎರಡು ತಪ್ಪುಗಳು ತಪ್ಪುತ್ತವೆ: ಎರಡನೆಯ ದಿನ ‘ಬರೀ ನೆಗಡಿ’ ಎಂದು ವೈದ್ಯರು ಹೇಳಿ ಕಳಿಸಿದ್ದನ್ನೇ ನಂಬಿ ನಾಲ್ಕನೆಯ ದಿನ ಸುಮ್ಮನಿರುವುದು, ಮತ್ತು ಹತ್ತನೆಯ ದಿನ ಮಗು ಆಡಿಕೊಂಡಿದ್ದರೂ ಕೆಮ್ಮು ಉಳಿದಿದೆ ಎಂಬ ಒಂದೇ ಕಾರಣಕ್ಕೆ ಮೂರನೆಯ ವೈದ್ಯರನ್ನು ಹುಡುಕಿಕೊಂಡು ಹೋಗುವುದು.

ಮನೆಯಲ್ಲೇ ಮಾಡಬಹುದಾದ, ಯಾವ ಯಂತ್ರವೂ ಬೇಡದ ಒಂದು ಪರೀಕ್ಷೆಯಿದೆ. ಮಗು ಅಳದೆ, ಹಾಲು ಕುಡಿಯದೆ, ಸಾಧ್ಯವಾದರೆ ನಿದ್ದೆಯಲ್ಲಿರುವಾಗ ಅಂಗಿಯನ್ನು ಎದೆಯವರೆಗೆ ಮೇಲೆತ್ತಿ, ಹೊಟ್ಟೆ ಒಮ್ಮೆ ಉಬ್ಬಿ ಇಳಿಯುವುದನ್ನು ಒಂದು ಎಂದು ಲೆಕ್ಕ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ನಡೆಯದು, ಏಕೆಂದರೆ ಕೂಸಿನ ಉಸಿರು ಗಡಿಬಿಡಿಯಲ್ಲಿ ಓಡಿ ನಡುವೆ ನಿಂತು ಮತ್ತೆ ಓಡುತ್ತದೆ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೊಂದು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದನ್ನು ವೇಗದ ಉಸಿರಾಟ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಪರಿಗಣಿಸುತ್ತದೆ. ನಮ್ಮ ಆರೋಗ್ಯ ಕಾರ್ಯಕರ್ತೆಯರಿಗೂ ಕಲಿಸುವುದು ಇದೇ ಅಂಕಿಗಳನ್ನು. ಅಂಕಿಗಿಂತಲೂ ಗಟ್ಟಿಯಾದ ಸೂಚನೆ ಎದೆಯ ಸೆಳೆತ: ಉಸಿರೆಳೆದಾಗ ಹೊಟ್ಟೆ ಉಬ್ಬುತ್ತಿದ್ದರೂ ಪಕ್ಕೆಲುಬಿನ ಕೆಳಗಿನ ಭಾಗ ಗುಳಿಬಿದ್ದಂತೆ ಒಳಕ್ಕೆ ಹೋಗುತ್ತಿದ್ದರೆ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ನರಳುವುದು, ತುಟಿ ನೀಲಿಗಟ್ಟುವುದು, ಎಬ್ಬಿಸಿದರೂ ಏಳದ ಮಂಪರು, ಇವೂ ಅದೇ ಸಾಲಿಗೆ ಸೇರುತ್ತವೆ.

ಆದರೆ ತಾಯಂದಿರು ಎಲ್ಲಕ್ಕಿಂತ ಮೊದಲು ಗಮನಿಸುವುದು ಮೊಲೆಯೂಡುವಾಗ. ಎರಡು ಗುಟುಕು ಚೀಪಿ, ಬಾಯಿ ಬಿಟ್ಟು, ಮುಖ ತಿರುಗಿಸಿ ಏದುಸಿರು ಬಿಟ್ಟು, ಮತ್ತೆ ಹಸಿವಿನಿಂದ ಚೀಪಲು ಬಂದು, ಮತ್ತೆ ಬಿಡುವ ಕೂಸನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಎಂದಿನ ಅರ್ಧಕ್ಕಿಂತ ಕಡಿಮೆ ಹಾಲು ಕುಡಿಯುತ್ತಿದೆ, ಎಂಟು ಹತ್ತು ಗಂಟೆಯಿಂದ ಬಟ್ಟೆ ಒದ್ದೆಯಾಗಿಲ್ಲ ಎಂಬ ತಾಯಿಯ ಮಾತಿಗೆ ಎಕ್ಸ್‌ರೇಗಿಂತ ಹೆಚ್ಚಿನ ಬೆಲೆ ಕೊಡಬೇಕು. ಎರಡು ತಿಂಗಳು ತುಂಬದ ಅಥವಾ ದಿನ ತುಂಬದೆ ಹುಟ್ಟಿದ ಕೂಸುಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ: ಅವುಗಳಲ್ಲಿ ಕೆಲವು ಕೆಮ್ಮೇ ಇಲ್ಲದೆ ಒಮ್ಮೆಲೆ ಕೆಲವು ಸೆಕೆಂಡು ಉಸಿರಾಟ ನಿಲ್ಲಿಸಿಬಿಡುತ್ತವೆ.

ಇನ್ನು ಚಿಕಿತ್ಸೆಯ ಮಾತು. ಇಲ್ಲಿ ಪಟ್ಟಣದ ಮಕ್ಕಳ ಕ್ಲಿನಿಕ್ಕಿನ ರೂಢಿಗೂ ವಿಜ್ಞಾನ ಹೇಳುವುದಕ್ಕೂ ನಡುವಿನ ಅಂತರ ದೊಡ್ಡದು. ಅಜ್ಜಿ ಮಗುವನ್ನು ಎತ್ತಿಕೊಂಡು ಬಂದು ‘ಕಫ ಕಟ್ಟಿದೆ, ಗೊರಗೊರ ಅಂತದೆ, ನೆಬುಲೈಸೇಷನ್ ಕೊಟ್ಬಿಡಿ ಡಾಕ್ಟ್ರೇ’ ಎನ್ನುತ್ತಾರೆ. ಕೊಡದಿದ್ದರೆ ವೈದ್ಯರಿಗೇ ಗೊತ್ತಿಲ್ಲ ಎಂಬ ತೀರ್ಮಾನವಾಗುತ್ತದೆ. ಆದರೆ ಬ್ರಾಂಕಿಯೋಲೈಟಿಸ್‌ನಲ್ಲಿ ನಾಳ ಮುಚ್ಚಿರುವುದು ಊತ ಮತ್ತು ಲೋಳೆಯಿಂದ, ಆಸ್ತಮಾದಲ್ಲಿ ಆಗುವಂತೆ ಸ್ನಾಯುಗಳು ಬಿಗಿದು ಅಲ್ಲ. ಆದ್ದರಿಂದ ನಾಳ ಸಡಿಲಿಸುವ ಸಾಲ್‌ಬ್ಯುಟಮಾಲ್‌ನಿಂದ ಅದರಲ್ಲಿ ಪ್ರಯೋಜನವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಬ್ರಿಟನ್ನಿನ ಮಾರ್ಗಸೂಚಿ ಸಂಸ್ಥೆ 2015ರಲ್ಲಿ ಇದನ್ನು ಖಚಿತವಾಗಿ ಹೇಳಿದವು. ಸ್ಟೆರಾಯ್ಡ್, ಆಂಟಿಬಯೋಟಿಕ್, ಎಲ್ಲ ಮಕ್ಕಳಿಗೂ ಎಕ್ಸ್‌ರೇ ಇವೂ ಬೇಡವೆಂದವು. (ನಾಯಿ ಬೊಗಳಿದಂತೆ ಕೆಮ್ಮುವ ಕ್ರೂಪ್ ಎಂಬ ಇನ್ನೊಂದು ವೈರಸ್ ಕಾಯಿಲೆಯಲ್ಲಿ ಒಂದೇ ಡೋಸ್ ಸ್ಟೆರಾಯ್ಡ್ ಚೆನ್ನಾಗಿ ಕೆಲಸ ಮಾಡುತ್ತದೆ, ಒಂದರ ಔಷಧವನ್ನು ಇನ್ನೊಂದಕ್ಕೆ ಹಚ್ಚುವುದೇ ಗೊಂದಲದ ಮೂಲ.) ನಿಜವಾಗಿ ಉಪಯೋಗಕ್ಕೆ ಬರುವುದು ಮೂರೇ: ಹಾಲೂಡುವ ಮುನ್ನ ಉಪ್ಪುನೀರಿನ ಹನಿ ಬಿಟ್ಟು ಮೂಗು ಬಿಡಿಸುವುದು, ಸ್ವಲ್ಪ ಸ್ವಲ್ಪವೇ ಆಗಾಗ ಹಾಲು ಕೊಡುವುದು, ಮತ್ತು ರಕ್ತದಲ್ಲಿ ಆಮ್ಲಜನಕ ಇಳಿದಿದ್ದರೆ ಆಮ್ಲಜನಕ. ತೀವ್ರವಾದಾಗ ಮೂಗಿನ ಮೂಲಕ ಒತ್ತಡದ ಗಾಳಿ ಕೊಡಬೇಕಾಗುತ್ತದೆ. ಢಾಕಾದ ಐಸಿಡಿಡಿಆರ್‌ಬಿ ಆಸ್ಪತ್ರೆಯಲ್ಲಿ ಡಾ. ಮೊಹಮ್ಮದ್ ಜೊಬಾಯರ್ ಚಿಸ್ತಿ ಖಾಲಿ ಶಾಂಪೂ ಬಾಟಲಿಗೆ ನೀರು ತುಂಬಿ, ಅದರೊಳಗೆ ನಳಿಕೆ ಇಳಿಸಿ ಗುಳ್ಳೆಯೆಬ್ಬಿಸುವ ಇಂಥ ಸಾಧನವನ್ನು ಮಾಡಿ ತೋರಿಸಿದರು. 2015ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ತೀವ್ರ ನ್ಯುಮೋನಿಯಾದ ಮಕ್ಕಳ ಸಾವಿನ ಪ್ರಮಾಣ ಸಾಮಾನ್ಯ ಆಮ್ಲಜನಕ ಪಡೆದವರಲ್ಲಿ ಶೇಕಡ 15 ಇದ್ದರೆ, ಗುಳ್ಳೆ ಸಾಧನದ ಗುಂಪಿನಲ್ಲಿ ಶೇಕಡ 4 ಇತ್ತು.

ಆಂಟಿಬಯೋಟಿಕ್ ಪ್ರಶ್ನೆ ಇಷ್ಟು ಸರಳವಲ್ಲ ಎಂಬುದನ್ನು ಒಪ್ಪಬೇಕು. ಬಾಂಗ್ಲಾದೇಶ, ಥಾಯ್ಲೆಂಡ್ ಮತ್ತು ಆಫ್ರಿಕಾದ ಐದು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪರ್ಚ್ ಅಧ್ಯಯನ, ಎಕ್ಸ್‌ರೇಯಲ್ಲಿ ಖಚಿತವಾದ ತೀವ್ರ ನ್ಯುಮೋನಿಯಾದಲ್ಲೂ ಶೇಕಡ 61ರಷ್ಟಕ್ಕೆ ವೈರಸ್‌ಗಳೇ ಕಾರಣ, ಆರ್‌ಎಸ್‌ವಿ ಒಂದರದ್ದೇ ಶೇಕಡ 31 ಎಂದು ಅಂದಾಜಿಸಿತು. ಇದರರ್ಥ ಉಳಿದವರಲ್ಲಿ ಹಲವರಿಗೆ ಬ್ಯಾಕ್ಟೀರಿಯಾ ಕಾರಣ ಎಂದೂ ಆಗುತ್ತದೆ. ಎಕ್ಸ್‌ರೇ ಇಲ್ಲದ, ರಸ್ತೆ ಮಳೆಗೆ ಕೊಚ್ಚಿಹೋದ ಊರಿನ ಆರೋಗ್ಯ ಕಾರ್ಯಕರ್ತೆ ಯಾವ ಮಗುವಿಗೆ ಯಾವುದಿದೆ ಎಂದು ಬೇರ್ಪಡಿಸಲಾರಳು. ಆದ್ದರಿಂದಲೇ ವೇಗದ ಉಸಿರಾಟ ಕಂಡರೆ ಅಮಾಕ್ಸಿಸಿಲಿನ್ ಕೊಡಿ ಎಂಬ ಮಾರ್ಗಸೂಚಿ ಇದೆ, ಅದು ಲಕ್ಷಾಂತರ ಜೀವ ಉಳಿಸಿದ ನಿಯಮ. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸಾನ್ಸ್’ ಅಭಿಯಾನವೂ ನ್ಯುಮೋನಿಯಾವನ್ನು ಹಳ್ಳಿಯ ಮಟ್ಟದಲ್ಲೇ ಗುರುತಿಸಿ ಚಿಕಿತ್ಸೆ ಶುರುಮಾಡುವುದಕ್ಕೆ ಒತ್ತು ಕೊಡುತ್ತದೆ. ಆಕ್ಷೇಪವಿರುವುದು ಉಸಿರು ಎಣಿಸದೆಯೇ, ಮೂಗು ಸೋರುವ ಪ್ರತಿ ಮಗುವಿಗೂ ಮೂರು ದಿನದ ಆಂಟಿಬಯೋಟಿಕ್ ಬರೆಯುವ ನಗರದ ರೂಢಿಯ ಬಗ್ಗೆ. ಎಣಿಸಲು ಒಂದು ನಿಮಿಷ ಬೇಕು, ಬರೆಯಲು ಹತ್ತು ಸೆಕೆಂಡು ಸಾಕು. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಯಾವುದು ಗೆಲ್ಲುತ್ತದೆ ಎಂದು ಊಹಿಸಬಹುದು.

ಕೆಮ್ಮಿನ ಸಿರಪ್ಪಿನ ವಿಷಯದಲ್ಲಿ ಮಾತ್ರ ಇಂಥ ಯಾವ ರಿಯಾಯಿತಿಯೂ ಬೇಕಿಲ್ಲ. ಪುಟ್ಟ ಮಕ್ಕಳ ಕೆಮ್ಮನ್ನು ಅವು ಕಡಿಮೆ ಮಾಡುತ್ತವೆ ಎನ್ನುವುದಕ್ಕೆ ಒಳ್ಳೆಯ ಆಧಾರವಿಲ್ಲ. ನಿದ್ದೆ ಬರಿಸುವ ಅವುಗಳ ಗುಣವನ್ನೇ ನಾವು ಗುಣವಾಯಿತೆಂದು ತಿಳಿಯುತ್ತೇವೆ. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಮತ್ತು ಸುತ್ತಲಿನ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವಿಫಲವಾಗಿ ಸತ್ತರು. ಅವರು ಕುಡಿದ ಸಿರಪ್ಪಿನ ಮಾದರಿಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರಾವಕ ಶೇಕಡ 48.6ರಷ್ಟಿತ್ತು ಎಂದು ತಮಿಳುನಾಡಿನ ಔಷಧ ನಿಯಂತ್ರಣಾಧಿಕಾರಿಗಳ ಪರೀಕ್ಷೆಯಲ್ಲಿ ಕಂಡಿತು. ವಿಷ ಬೆರೆತದ್ದು ತಯಾರಿಕೆಯ ಮತ್ತು ತಪಾಸಣೆಯ ಅಪರಾಧ, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಅದಕ್ಕೂ ಹಿಂದೆ ಒಂದು ಪ್ರಶ್ನೆ ಉಳಿಯುತ್ತದೆ: ತಾನಾಗಿ ವಾಸಿಯಾಗುವ ನೆಗಡಿಗೆ ಆ ಬಾಟಲಿ ಮನೆಗೆ ಬಂದದ್ದಾದರೂ ಏಕೆ? ಅಕ್ಟೋಬರ್ ಆರಂಭದಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ಕೊಡಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ಈ ಮಾತು ಹೊಸತಲ್ಲ, ಮತ್ತೆ ಹೇಳಲು ಮಕ್ಕಳು ಸಾಯಬೇಕಾಯಿತು.

ಮನೆಮದ್ದುಗಳನ್ನೆಲ್ಲ ಒಂದೇ ಮೂಟೆ ಕಟ್ಟಿ ಎಸೆಯುವುದು ಸರಿಯಲ್ಲ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನು ಕೆಮ್ಮನ್ನು ತಗ್ಗಿಸುತ್ತದೆ. ಒಂದು ವರ್ಷದೊಳಗೆ ಮಾತ್ರ ಜೇನು ಬೇಡ, ಬಾಟುಲಿಸಂ ಎಂಬ ಅಪರೂಪದ ಆದರೆ ಗಂಭೀರ ಕಾಯಿಲೆಯ ಅಪಾಯವಿದೆ. ಅಪಾಯಕಾರಿಯಾದವು ಬೇರೆ ಇವೆ. ಎಣ್ಣೆನೀರಿನ ನಂತರ ಮೂಗಿಗೆ ಎಣ್ಣೆ ಬಿಡುವುದರಿಂದ ಎಣ್ಣೆ ಶ್ವಾಸಕೋಶಕ್ಕಿಳಿದು ಅಲ್ಲೇ ಕೂತು ನ್ಯುಮೋನಿಯಾ ಆಗುತ್ತದೆ. ಎದೆಗೆ ತಿಕ್ಕುವ ಕರ್ಪೂರ ಕೂಸಿಗೆ ಫಿಟ್ಸ್ ತರಿಸಬಲ್ಲದು. ಬಾಣಂತಿಯ ಕೋಣೆಯ ಕಿಟಕಿ ಮುಚ್ಚಿ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಆ ಹೊಗೆಯ ಮೇಲೆ ಮಗುವಿನ ಕೂದಲು ಆರಿಸುವ ಪದ್ಧತಿ ನೋಡಲು ಹಿತವಾದದ್ದು, ಪರಿಮಳವೂ ನೆನಪಿನಲ್ಲಿ ಉಳಿಯುವಂಥದ್ದು. ಆದರೆ ಹೊಗೆ ಶ್ವಾಸನಾಳದ ಸೂಕ್ಷ್ಮ ರೋಮಗಳನ್ನು ಕೆಡಿಸುತ್ತದೆ, ಅದು ಸೌದೆ ಒಲೆಯದ್ದಾಗಲಿ ಬೀಡಿಯದ್ದಾಗಲಿ ಸಾಂಬ್ರಾಣಿಯದ್ದಾಗಲಿ. ಇನ್ನು ತೊಟ್ಟಿಲ ಶಾಸ್ತ್ರದ ದಿನ ನೂರು ಜನರ ಕೈಯಿಂದ ಕೈಗೆ ಹೋಗಿ ಮುತ್ತಿಡಿಸಿಕೊಳ್ಳುವ ಕೂಸಿಗೆ, ಬಂದವರಲ್ಲಿ ಒಬ್ಬರ ‘ಸ್ವಲ್ಪ ನೆಗಡಿ’ ಸಾಕು. ಆರ್‌ಎಸ್‌ವಿ ಗಟ್ಟಿ ಮೇಲ್ಮೈಗಳ ಮೇಲೆ ಗಂಟೆಗಟ್ಟಲೆ ಬದುಕಿರುತ್ತದೆ, ಬಹುಪಾಲು ಹರಡುವುದು ಕೈಗಳಿಂದ ಮತ್ತು ಹತ್ತಿರದ ಸೀನು-ಕೆಮ್ಮಿನಿಂದ. ಕೈ ತೊಳೆದು ಮಗುವನ್ನು ಮುಟ್ಟಿ ಎಂದು ಹೇಳಲು ಬಾಣಂತಿಗೆ ಸಂಕೋಚವಾದರೆ, ಅವಳ ಪರವಾಗಿ ಮನೆಯ ಹಿರಿಯರೇ ಹೇಳಬೇಕು.

ತಡೆಗಟ್ಟುವ ವಿಷಯಕ್ಕೆ ಬಂದಾಗ ಮಾತ್ರ ವೈರಸ್ಸಿನ ಹೆಸರಿಗೆ ಬೆಲೆ ಬರುತ್ತದೆ. ಆರ್‌ಎಸ್‌ವಿಗೆ ಲಸಿಕೆ ತಯಾರಿಸುವ ಮೊದಲ ಯತ್ನ ದುರಂತದಲ್ಲಿ ಮುಗಿದಿತ್ತು. 1966-67ರಲ್ಲಿ ಅಮೆರಿಕದಲ್ಲಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್ಸನ್ನು ಶಿಶುಗಳಿಗೆ ಚುಚ್ಚಿದರು. ಆಮೇಲೆ ನಿಜವಾದ ಸೋಂಕು ತಗುಲಿದಾಗ ಲಸಿಕೆ ಪಡೆದವರಲ್ಲಿ ಶೇಕಡ 80ರಷ್ಟು ಮಂದಿ ಆಸ್ಪತ್ರೆ ಸೇರಿದರು, ಪಡೆಯದವರಲ್ಲಿ ಶೇಕಡ 5. ಇಬ್ಬರು ಮಕ್ಕಳು ಸತ್ತರು. ಆ ಆಘಾತದಿಂದ ಈ ಕ್ಷೇತ್ರ ದಶಕಗಳ ಕಾಲ ಹಿಂಜರಿಯಿತು. ಫಾರ್ಮಲಿನ್ ತಾಗಿದಾಗ ವೈರಸ್ಸಿನ ಮೈಮೇಲಿನ ಎಫ್ ಎಂಬ ಪ್ರೋಟೀನು ತನ್ನ ಮೂಲ ಆಕಾರ ಕಳೆದುಕೊಳ್ಳುತ್ತಿತ್ತು, ಅದನ್ನು ನೋಡಿ ದೇಹ ತಯಾರಿಸಿದ ಪ್ರತಿಕಾಯಗಳು ಜೀವಂತ ವೈರಸ್ಸನ್ನು ತಡೆಯಲಾರದೆ ಹೋಗುತ್ತಿದ್ದವು ಎಂಬುದು ಬಹಳ ತಡವಾಗಿ ಗೊತ್ತಾಯಿತು. ಜೀವಕೋಶಕ್ಕೆ ಅಂಟುವ ಮುಂಚಿನ ಆ ಪ್ರೋಟೀನಿನ ನಿಜವಾದ ಆಕಾರವನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜೇಸನ್ ಮೆಕ್ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ತಂಡ 2013ರಲ್ಲಿ ಬಿಡಿಸಿ ತೋರಿಸಿದ ಮೇಲೆ ದಾರಿ ತೆರೆಯಿತು.

ಹತ್ತೇ ವರ್ಷದಲ್ಲಿ ಎರಡು ಅಸ್ತ್ರಗಳು ಸಿದ್ಧವಾದವು. ಒಂದು, ನಿರ್ಸೆವಿಮ್ಯಾಬ್ ಎಂಬ ಸಿದ್ಧ ಪ್ರತಿಕಾಯ. ಒಂದೇ ಚುಚ್ಚುಮದ್ದು ಕೂಸಿಗೆ ಇಡೀ ಋತುವಿನ ರಕ್ಷಣೆ ಕೊಡುತ್ತದೆ. ಸ್ಪೇನಿನ ಗಲೀಸಿಯಾ ಪ್ರಾಂತ 2023-24ರಲ್ಲಿ ಅದನ್ನು ಶೇಕಡ 90ಕ್ಕೂ ಹೆಚ್ಚು ಅರ್ಹ ಶಿಶುಗಳಿಗೆ ಕೊಟ್ಟಾಗ, ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುವುದರ ವಿರುದ್ಧ ಅದು ಶೇಕಡ 82ರಷ್ಟು ಪರಿಣಾಮಕಾರಿಯಾಗಿ ಕಂಡಿತು. ಇನ್ನೊಂದು, ಗರ್ಭಿಣಿಗೆ ಕೊಡುವ ಲಸಿಕೆ. ತಾಯಿಯ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ದಾಟುತ್ತವೆ. ಮುಖ್ಯ ಪರೀಕ್ಷೆಯಲ್ಲಿ ಅದು ಮೊದಲ ಮೂರು ತಿಂಗಳ ತೀವ್ರ ಕಾಯಿಲೆಯನ್ನು ಶೇಕಡ 82ರಷ್ಟು, ಆರು ತಿಂಗಳವರೆಗಿನದನ್ನು ಶೇಕಡ 69ರಷ್ಟು ತಗ್ಗಿಸಿತು. ಬೇರೊಂದು ಕಂಪನಿಯ ಇಂಥದೇ ಲಸಿಕೆಯ ಪರೀಕ್ಷೆಯಲ್ಲಿ ಅವಧಿಪೂರ್ವ ಹೆರಿಗೆ ಹೆಚ್ಚಿದಂತೆ ಕಂಡು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಎಚ್ಚರಿಕೆಯಿಂದಲೇ ಬಳಕೆಗೆ ಬಂದ ಲಸಿಕೆಯನ್ನು ಅಮೆರಿಕದಲ್ಲಿ 32ರಿಂದ 36 ವಾರಗಳ ನಡುವೆ ಮಾತ್ರ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಮೇ ತಿಂಗಳ ತನ್ನ ನಿಲುವುಪತ್ರದಲ್ಲಿ, ಇವೆರಡರಲ್ಲಿ ಒಂದನ್ನು ಎಲ್ಲ ದೇಶಗಳೂ ಅಳವಡಿಸಿಕೊಳ್ಳಬೇಕು, ಗರ್ಭಿಣಿಯ ಲಸಿಕೆಯನ್ನು 28ನೆಯ ವಾರದಿಂದ ಕೊಡಬಹುದು ಎಂದಿತು.

ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಈ ಎರಡಕ್ಕೂ ಇನ್ನೂ ಜಾಗ ಸಿಕ್ಕಿಲ್ಲ. ಮುಖ್ಯ ಅಡ್ಡಿ ಬೆಲೆ. ಅಮೆರಿಕದಲ್ಲಿ ಒಂದು ಡೋಸ್‌ಗೆ ನೂರಾರು ಡಾಲರ್. ಎರಡರಲ್ಲಿ ನಮ್ಮ ವ್ಯವಸ್ಥೆಗೆ ಹೊಂದುವುದು ಗರ್ಭಿಣಿಯ ಲಸಿಕೆಯೇ ಎಂದು ನನಗನ್ನಿಸುತ್ತದೆ. ಉತ್ತರ ಭಾರತದಲ್ಲಿ ಆರ್‌ಎಸ್‌ವಿ ಚಳಿಗಾಲದ ಕಾಯಿಲೆ, ನಮ್ಮಲ್ಲಿ ಮಳೆಗಾಲದಿಂದಲೇ ಶುರುವಾಗುತ್ತದೆ. ಒಂದು ಋತುವಿಗೆ ಲೆಕ್ಕಹಾಕಿ ಕೂಸುಗಳನ್ನು ಹುಡುಕಿ ಚುಚ್ಚುವುದಕ್ಕಿಂತ ವರ್ಷವಿಡೀ ಬರುವ ಗರ್ಭಿಣಿಯರಿಗೆ ಕೊಡುವುದು ಸುಲಭ. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಬರುವ ಹೆಂಗಸಿಗೆ ಟಿಡಿ ಚುಚ್ಚುಮದ್ದು ಕೊಡುವ ನರ್ಸಮ್ಮ, ಅದನ್ನು ತಣ್ಣಗಿಡುವ ಪೆಟ್ಟಿಗೆ, ಬರೆದಿಡುವ ಕಾಲಂ ಎಲ್ಲವೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈಗಾಗಲೇ ಇವೆ. ಹೆರಿಗೆಯ ನಂತರ 42 ದಿನಗಳೊಳಗೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಮಗುವನ್ನು ನೋಡುವ ಕ್ರಮವೂ ಇದೆ. ಉಸಿರು ಎಣಿಸುವುದನ್ನು ತಾಯಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ಬೆಲೆಯ ಅಡ್ಡಿಯನ್ನು ನಾವು ಹಿಂದೆಯೂ ದಾಟಿದ್ದೇವೆ. ವಾಂತಿಭೇದಿಯ ರೋಟಾವೈರಸ್ ಲಸಿಕೆ ಮೊದಲು ಬಂದಾಗ ಖಾಸಗಿ ಕ್ಲಿನಿಕ್ಕಿಗೆ ಹೋಗುವವರಿಗಷ್ಟೇ ಸಿಗುತ್ತಿತ್ತು. ಭಾರತದಲ್ಲೇ ತಯಾರಾದ ಲಸಿಕೆ 2016ರಲ್ಲಿ ನಾಲ್ಕು ರಾಜ್ಯಗಳಿಂದ ಸರ್ಕಾರಿ ಕಾರ್ಯಕ್ರಮಕ್ಕೆ ಕಾಲಿಟ್ಟು, ಮುಂದೆ ಎಲ್ಲ ಮಕ್ಕಳಿಗೂ ಉಚಿತವಾಯಿತು. ನ್ಯುಮೋಕಾಕಲ್ ಲಸಿಕೆಯದ್ದೂ ಅದೇ ಕಥೆ: 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಆರಂಭ, 2021ರಲ್ಲಿ ದೇಶದಾದ್ಯಂತ ವಿಸ್ತರಣೆ. ಬ್ಯಾಕ್ಟೀರಿಯಾದ ನ್ಯುಮೋನಿಯಾವನ್ನು ಆ ಲಸಿಕೆ ತಗ್ಗಿಸಿದಷ್ಟೂ ಮಕ್ಕಳ ವಾರ್ಡಿನಲ್ಲಿ ಉಳಿಯುವ ಕಾಯಿಲೆಯಲ್ಲಿ ವೈರಸ್‌ಗಳ ಪಾಲು ಹೆಚ್ಚುತ್ತದೆ, ಮತ್ತು ಆ ಪಾಲಿನಲ್ಲಿ ಮೊದಲ ಹೆಸರು ಆರ್‌ಎಸ್‌ವಿಯದ್ದು.